ಗುಳಿಗೆ ಸಿಕ್ಕಿತಾ ಎಂದು ಕೇಳಬೇಕಾದ ಕುರ್ಚಿ ಖಾಲಿ ಇತ್ತು

2020ರ ಮಾರ್ಚ್ 10ರಂದು ಕಲಬುರಗಿಯ 76 ವರ್ಷದ ಹಿರಿಯರೊಬ್ಬರು ತೀರಿಕೊಂಡರು. ಎರಡು ದಿನದ ಮೇಲೆ ವರದಿ ಬಂತು: ಅವರಿಗೆ ಕೊರೊನಾ ಇತ್ತು. ಇಡೀ ದೇಶದಲ್ಲಿ ಕೋವಿಡ್‌ನಿಂದ ಆದ ಮೊದಲ ಸಾವು ಅದು. ದೇಶಕ್ಕೆಲ್ಲ ಬೀಗ ಬೀಳುವ ಮೊದಲೇ ನಮ್ಮ ಕಲಬುರಗಿಯ ಓಣಿಗಳಲ್ಲಿ ಬ್ಯಾರಿಕೇಡ್ ನಿಂತಿದ್ದವು. ಆ ದಿನಗಳಲ್ಲಿ ಹೊರ ಊರಿನವರು 'ಕಲಬುರಗಿ' ಎಂಬ ಹೆಸರು ಕೇಳಿದರೇ ದೂರ ಸರಿಯುತ್ತಿದ್ದರು.

ಅಂದಿನಿಂದ ದಿನಾ ಸಂಜೆ ಲೆಕ್ಕ ಬರತೊಡಗಿತು. ಇಷ್ಟು ಮಂದಿಗೆ ಪಾಸಿಟಿವ್, ಇಷ್ಟು ಮಂದಿ ಗುಣಮುಖ, ಇಷ್ಟು ಸಾವು, ಇಷ್ಟು ಮಂದಿ ಕ್ವಾರಂಟೈನ್. ಆ ಪಟ್ಟಿಯನ್ನು ನಾವೆಲ್ಲ ಮೊಬೈಲಿನಲ್ಲಿ ನೋಡಿದೆವು, ಒಬ್ಬರಿಗೊಬ್ಬರು ಕಳಿಸಿದೆವು.

ಆ ಪಟ್ಟಿಯಲ್ಲಿ ಒಂದು ಸಾಲು ಇರಲಿಲ್ಲ. ಮಾನಸಿಕ ಕಾಯಿಲೆಗೆ ತಿಂಗಳು ತಿಂಗಳು ಗುಳಿಗೆ ತೆಗೆದುಕೊಳ್ಳುತ್ತಿದ್ದವರಲ್ಲಿ ಎಷ್ಟು ಮಂದಿಗೆ ಈ ತಿಂಗಳು ಗುಳಿಗೆ ಸಿಕ್ಕಿತು, ಎಷ್ಟು ಮಂದಿಗೆ ತಪ್ಪಿತು? ಇದನ್ನು ಕೇಳಬೇಕಾದವರು ಯಾರು? ಡಾಕ್ಟರರೇ? ಜಿಲ್ಲಾಧಿಕಾರಿಗಳೇ? ಅಥವಾ ನಾವು ಓಟು ಹಾಕಿ ಆರಿಸಿದ ಪಂಚಾಯಿತಿ, ಪಾಲಿಕೆ ಸದಸ್ಯರೇ? ಈ ಪ್ರಶ್ನೆಗೆ ಉತ್ತರ ಹುಡುಕಲು ಸ್ವಲ್ಪ ಹಿಂದಕ್ಕೆ ಹೋಗಬೇಕು. ಬಳ್ಳಾರಿಯವರೆಗೂ ಹೋಗಬೇಕು.

ಮೊದಲು ಎಲ್ಲಿಗೆ ಹೋಗುತ್ತಿದ್ದರು?

'ತಲಿ ಕೆಟ್ಟದ', 'ಗಾಳಿ ಬಡದದ'. ಮನೆಯಲ್ಲಿ ಒಬ್ಬರ ನಡತೆ ಇದ್ದಕ್ಕಿದ್ದಂತೆ ಬದಲಾದರೆ ನಮ್ಮ ಕಡೆ ಮೊದಲು ಬರುವ ಮಾತು ಇದು. ಆಮೇಲೆ ದರ್ಗಾ, ಗಾಣಗಾಪುರ, ಊರಿನ ದೇವರು, ತಾಯಿತ. ನಂಬಿಕೆಯ ಜಾಗಗಳಿಗೆ ಹೋಗಿ ಧೈರ್ಯ ಪಡೆದವರು ಇದ್ದಾರೆ, ಅದನ್ನು ಇಲ್ಲಿ ತಪ್ಪೆನ್ನುತ್ತಿಲ್ಲ. ಆದರೆ ಔಷಧಿ ಬೇಕಾದ ಕಾಯಿಲೆಗೆ ಔಷಧಿ ಎಲ್ಲಿ ಸಿಗುತ್ತಿತ್ತು ಎಂಬುದು ನಮ್ಮ ಪ್ರಶ್ನೆ.

ಈಗಿನ ಕರ್ನಾಟಕದ ಹಳೆಯ ಮಾನಸಿಕ ಆಸ್ಪತ್ರೆಗಳಲ್ಲಿ ಧಾರವಾಡದ್ದು ಒಂದು. ಅದು ಬ್ರಿಟಿಷರ ಕಾಲದಲ್ಲಿ, 1845ರಲ್ಲಿ ಶುರುವಾಯಿತು. ಇಂದು ಅದರ ಹೆಸರು ಡಿಮ್ಹಾನ್ಸ್. ಬೆಂಗಳೂರಿನ ನಿಮ್ಹಾನ್ಸ್ 1974ರಲ್ಲಿ ಈಗಿನ ರೂಪ ಪಡೆಯಿತು. ಕಲಬುರಗಿ 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದ ಕಾರಣ ನಮಗೆ ಹೈದರಾಬಾದೇ ದೊಡ್ಡ ಪಟ್ಟಣ. ಅಲ್ಲಿನ ಎರ್ರಗಡ್ಡದ ಆಸ್ಪತ್ರೆಯ ಹೆಸರು ಹಿರಿಯರಿಗೆ ಇಂದಿಗೂ ಗೊತ್ತು.

ಈ ಮೂರಕ್ಕೂ ದೂರದ ಲೆಕ್ಕ ಹಾಕಿ ನೋಡಿ. ಹೈದರಾಬಾದ್ 200 ಕಿಲೋಮೀಟರಿಗೂ ಹೆಚ್ಚು, ಧಾರವಾಡ 300ಕ್ಕೂ ಹೆಚ್ಚು, ಬೆಂಗಳೂರು ಸುಮಾರು 600. ಕೂಲಿ ಮಾಡುವ ಮನೆಯವರು ಒಮ್ಮೆ ಹೋಗಬಹುದು, ಸಾಲ ಮಾಡಿ ಎರಡನೇ ಸಲವೂ ಹೋಗಬಹುದು. ತಿಂಗಳು ತಿಂಗಳು ಹೋಗಲಾಗದು. ಮಾನಸಿಕ ಕಾಯಿಲೆಯಲ್ಲಿ ಎಷ್ಟೋ ಮಂದಿಗೆ ಔಷಧಿ ವರ್ಷಗಟ್ಟಲೆ ಬೇಕು. ಬಿಪಿ, ಶುಗರ್ ಇದ್ದಂತೆಯೇ ಇದು. ನಡುವೆ ಬಿಟ್ಟರೆ ಕಾಯಿಲೆ ಮರಳುತ್ತದೆ.

ಬಳ್ಳಾರಿ ಕಲಿಸಿದ ಪಾಠ

1982ರಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ಘೋಷಿಸಿತು. ಕಾಗದದ ಮೇಲೆ ಚೆನ್ನಾಗಿತ್ತು. ಅದನ್ನು ಒಂದು ಜಿಲ್ಲೆಯಲ್ಲಿ ನಡೆಸಿ ತೋರಿಸುವವರು ಬೇಕಾಗಿತ್ತು. ಬೆಂಗಳೂರಿನ ಹೊರಗಿನ ಸಕಲವಾರದಲ್ಲಿ ಹಳ್ಳಿ ಜನರ ನಡುವೆ ಕೆಲಸ ಮಾಡಿ ಅನುಭವ ಪಡೆದಿದ್ದ ನಿಮ್ಹಾನ್ಸ್ ತಂಡ 1985ರಲ್ಲಿ ಬಳ್ಳಾರಿ ಜಿಲ್ಲೆಯನ್ನು ಆರಿಸಿಕೊಂಡಿತು. ಆಗಿನ ಬಳ್ಳಾರಿ ಎಂದರೆ ಸುಮಾರು 20 ಲಕ್ಷ ಜನಸಂಖ್ಯೆಯ ದೊಡ್ಡ ಜಿಲ್ಲೆ. ಹಂಪಿ ಪಕ್ಕದ ಕಮಲಾಪುರವೂ ಅದರಲ್ಲೇ ಇತ್ತು. (ನಾವು ಮುಂದೆ ಹೇಳುವ ಕಮಲಾಪುರ ಬೇರೆ. ಅದು ಕೆಂಪು ಬಾಳೆಹಣ್ಣಿಗೆ ಹೆಸರಾದ ಕಲಬುರಗಿ ಜಿಲ್ಲೆಯ ಕಮಲಾಪುರ.)

ಬಳ್ಳಾರಿಯಲ್ಲಿ ಮಾಡಿದ್ದೇನು? ದೊಡ್ಡ ಆಸ್ಪತ್ರೆ ಕಟ್ಟಲಿಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರರಿಗೆ, ಮನೆಮನೆಗೆ ಹೋಗುವ ಆರೋಗ್ಯ ಸಿಬ್ಬಂದಿಗೆ ತರಬೇತಿ ಕೊಟ್ಟರು. ತೀವ್ರ ಮಾನಸಿಕ ಕಾಯಿಲೆ, ಖಿನ್ನತೆ, ಫಿಟ್ಸ್ ಇವುಗಳಿಗೆ ಬೇಕಾದ ಬೆರಳೆಣಿಕೆಯಷ್ಟು ಮುಖ್ಯ ಔಷಧಿಗಳನ್ನು ಆರೋಗ್ಯ ಕೇಂದ್ರಗಳಲ್ಲೇ ಇಟ್ಟರು. ರೋಗಿಯ ವಿವರ ಬರೆಯಲು ಸರಳವಾದ ಕಾರ್ಡು ಮಾಡಿದರು. ಜಿಲ್ಲಾ ಆಸ್ಪತ್ರೆಯಲ್ಲಿ ಮನೋರೋಗ ವಿಭಾಗ ತೆರೆದು, ಅಗತ್ಯ ಬಿದ್ದರೆ ಕೆಲ ದಿನ ದಾಖಲು ಮಾಡಿಕೊಳ್ಳಲು ಹಾಸಿಗೆ ಇಟ್ಟರು.

ಇಷ್ಟೇ ಆಗಿದ್ದರೆ ಬಳ್ಳಾರಿ ಇನ್ನೊಂದು ಸರ್ಕಾರಿ ಯೋಜನೆಯಾಗಿ ಮುಗಿಯುತ್ತಿತ್ತು. ಅಲ್ಲಿ ಇನ್ನೊಂದು ಕೆಲಸ ನಡೆಯಿತು. ಪ್ರತಿ ತಿಂಗಳೂ ಪ್ರತಿ ಆರೋಗ್ಯ ಕೇಂದ್ರದಿಂದ ವರದಿ ಬರಬೇಕಿತ್ತು. ಜಿಲ್ಲಾ ಆರೋಗ್ಯಾಧಿಕಾರಿ ಎಲ್ಲ ಡಾಕ್ಟರರ ಮಾಸಿಕ ಸಭೆ ಕರೆದಾಗ ಮಲೇರಿಯಾ, ಲಸಿಕೆ, ಹೆರಿಗೆಯ ಜೊತೆಗೆ ಇದನ್ನೂ ಕೇಳುತ್ತಿದ್ದರು. ನಿಮ್ಮಲ್ಲಿ ಎಷ್ಟು ಮಂದಿ ಹೊಸದಾಗಿ ಬಂದರು? ಎಷ್ಟು ಮಂದಿ ಬರುವುದನ್ನು ಬಿಟ್ಟರು? ಯಾಕೆ ಬಿಟ್ಟರು?

ತಿಂಗಳಿಗೊಮ್ಮೆ ಕೇಳುವವರು ಇದ್ದಾರೆ ಎಂದಾಗ ಉತ್ತರ ಇಟ್ಟುಕೊಳ್ಳಬೇಕಾಗುತ್ತದೆ. ಉತ್ತರ ಬೇಕೆಂದರೆ ರೋಗಿಯ ಮನೆಗೆ ಹೋಗಬೇಕಾಗುತ್ತದೆ. ಔಷಧಿ ಇಲ್ಲದೆಯೂ, ಕೇಳುವವರು ಇಲ್ಲದೆಯೂ ಬಳ್ಳಾರಿಯ ಕೆಲಸ ನಡೆಯುತ್ತಿರಲಿಲ್ಲ.

ಅದೇ ಹೊತ್ತಿಗೆ ಕರ್ನಾಟಕದಲ್ಲಿ ಇನ್ನೊಂದು ದೊಡ್ಡ ಬದಲಾವಣೆ ಆಯಿತು. 1987ರ ಆರಂಭದಲ್ಲಿ ಜಿಲ್ಲಾ ಪರಿಷತ್ ಮತ್ತು ಮಂಡಲ ಪಂಚಾಯಿತಿಗಳಿಗೆ ಚುನಾವಣೆ ನಡೆಯಿತು. ಅದರ ಹಿಂದೆ ಅಬ್ದುಲ್ ನಜೀರ್ ಸಾಬ್ ಅವರ ದುಡಿಮೆ ಇತ್ತು. ಜಿಲ್ಲೆಯ ಅಧಿಕಾರಿಗಳು ಚುನಾಯಿತ ಸದಸ್ಯರ ಮುಂದೆ ನಿಂತು ಉತ್ತರ ಹೇಳುವ ಪದ್ಧತಿ ಬಂತು. 'ನಮ್ಮೂರ ದವಾಖಾನಿಗೆ ಡಾಕ್ಟರ್ ಯಾಕ ಬರಂಗಿಲ್ಲ?' ಎಂದು ಹಳ್ಳಿಯ ಸದಸ್ಯ ಸಭೆಯಲ್ಲಿ ಎದ್ದು ನಿಂತು ಕೇಳುವ ಹಕ್ಕು ಸಿಕ್ಕಿತು.

ಬಳ್ಳಾರಿಯ ಮಾದರಿ ನೋಡಿಯೇ 1996ರಲ್ಲಿ ಕೇಂದ್ರ ಸರ್ಕಾರ 'ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ' ಶುರು ಮಾಡಿತು. ಇಂದು ದೇಶದಲ್ಲಿ ಎಲ್ಲಿ ಈ ಕಾರ್ಯಕ್ರಮ ನಡೆದರೂ ಅದರ ಬೇರು ನಮ್ಮ ಕಲ್ಯಾಣ ಕರ್ನಾಟಕದ ಬಳ್ಳಾರಿಯಲ್ಲಿದೆ.

ಕಾನೂನು ಯಾರಿಗೆ ಅಧಿಕಾರ ಕೊಟ್ಟಿದೆ?

'ಮಾನಸಿಕ ಕಾಯಿಲೆಗೂ ಪಂಚಾಯಿತಿಗೂ ಏನು ಸಂಬಂಧ? ಪಂಚಾಯಿತಿ ಎಂದರೆ ನೀರು, ಚರಂಡಿ, ಮನೆ, ನರೇಗಾ' ಎಂದು ಕೆಲವರು ಹೇಳಬಹುದು.

ಸಂವಿಧಾನದ 73ನೇ ತಿದ್ದುಪಡಿಯಲ್ಲಿ ಪಂಚಾಯಿತಿಗಳಿಗೆ ಒಪ್ಪಿಸಬಹುದಾದ 29 ವಿಷಯಗಳ ಪಟ್ಟಿ ಇದೆ. ಅದರಲ್ಲಿ ಆಸ್ಪತ್ರೆ, ಪ್ರಾಥಮಿಕ ಆರೋಗ್ಯ ಕೇಂದ್ರ, ಔಷಧಾಲಯ ಸೇರಿದಂತೆ ಆರೋಗ್ಯ ಮತ್ತು ನೈರ್ಮಲ್ಯ ಎಂಬ ವಿಷಯ ಇದೆ. ಅಂಗವಿಕಲರ ಮತ್ತು ಬುದ್ಧಿಮಾಂದ್ಯರ ಕ್ಷೇಮವನ್ನು ಒಳಗೊಂಡ ಸಮಾಜ ಕಲ್ಯಾಣವೂ ಇದೆ. ಕರ್ನಾಟಕದಲ್ಲಿ ಜಿಲ್ಲಾ ಪಂಚಾಯಿತಿಗೆ ಶಿಕ್ಷಣ ಮತ್ತು ಆರೋಗ್ಯ ಸ್ಥಾಯಿ ಸಮಿತಿ ಇದೆ. ಮಹಾನಗರ ಪಾಲಿಕೆಗೆ ಸಾರ್ವಜನಿಕ ಆರೋಗ್ಯ, ಶಿಕ್ಷಣ ಮತ್ತು ಸಾಮಾಜಿಕ ನ್ಯಾಯದ ಸ್ಥಾಯಿ ಸಮಿತಿ ಇದೆ. ಊರಲ್ಲಿ ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕಾಂಶ ಸಮಿತಿ ಇದೆ. ಆರೋಗ್ಯ ಕೇಂದ್ರಕ್ಕೆ ಆರೋಗ್ಯ ರಕ್ಷಾ ಸಮಿತಿ ಇದೆ.

ಇದರ ಮೇಲೆ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಬಂತು. 2018ರ ಮೇ 29ರಿಂದ ಅದು ಜಾರಿಯಲ್ಲಿದೆ. ಸರ್ಕಾರಿ ದುಡ್ಡಿನಲ್ಲಿ ನಡೆಯುವ ಮಾನಸಿಕ ಆರೋಗ್ಯ ಸೇವೆ ಪಡೆಯುವುದು ಪ್ರತಿಯೊಬ್ಬರ ಹಕ್ಕು ಎಂದು ಅದು ಹೇಳುತ್ತದೆ. ಬಡತನ ರೇಖೆಗಿಂತ ಕೆಳಗಿರುವವರಿಗೆ, ಕೈಯಲ್ಲಿ ಬಿಪಿಎಲ್ ಕಾರ್ಡು ಇರಲಿ ಬಿಡಲಿ, ಚಿಕಿತ್ಸೆ ಉಚಿತ. ಮನೆಯಿಲ್ಲದವರಿಗೂ ಉಚಿತ. ರೋಗಿಯನ್ನು ಸರಪಳಿಯಲ್ಲಿ ಕಟ್ಟುವುದು ನಿಷಿದ್ಧ. ಈ ನಿಷೇಧದ ಹಿಂದೆ ಒಂದು ನೋವಿನ ಕಥೆ ಇದೆ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ಖಾಸಗಿ ಆಶ್ರಯತಾಣವೊಂದಕ್ಕೆ ಬೆಂಕಿ ಬಿದ್ದಾಗ, ಸರಪಳಿಯಲ್ಲಿ ಕಟ್ಟಿದ್ದ ರೋಗಿಗಳು ಓಡಲಾಗದೆ ಸುಟ್ಟು ಸತ್ತರು. 28 ಜೀವ ಹೋಯಿತು.

ಆದರೆ ಈ ಕಾಯ್ದೆಯಲ್ಲಿ ಗಮನಿಸಬೇಕಾದ ಒಂದು ಅಂಶ ಇದೆ. ರೋಗಿಗಳ ದೂರು ಕೇಳಲು ಜಿಲ್ಲೆಗಳಲ್ಲಿ ಪರಿಶೀಲನಾ ಮಂಡಳಿ ಇರಬೇಕು ಎನ್ನುತ್ತದೆ. ಅದರಲ್ಲಿ ಜಿಲ್ಲಾ ನ್ಯಾಯಾಧೀಶರ ದರ್ಜೆಯವರು, ಜಿಲ್ಲಾಧಿಕಾರಿಯ ಪ್ರತಿನಿಧಿ, ಮನೋವೈದ್ಯರು, ಇನ್ನೊಬ್ಬ ವೈದ್ಯರು, ರೋಗಿಗಳ ಅಥವಾ ಆರೈಕೆ ಮಾಡುವವರ ಪರವಾಗಿ ಇಬ್ಬರು ಇರುತ್ತಾರೆ. ಪಂಚಾಯಿತಿ, ಪಾಲಿಕೆಯ ಚುನಾಯಿತ ಸದಸ್ಯರಿಗೆ ಎಂದು ಅಲ್ಲಿ ಕುರ್ಚಿ ಇಲ್ಲ. ಆದ್ದರಿಂದ ನಮ್ಮ ಸದಸ್ಯರು ಕೇಳಬೇಕಾದ ಜಾಗ ಅವರ ಸ್ವಂತ ಸಭೆಗಳೇ.

ಕಮಲಾಪುರ ಬಸ್ಸು ನಿಂತಾಗ

ಕಮಲಾಪುರ ಕಲಬುರಗಿಯಿಂದ ಹುಮನಾಬಾದ್ ಕಡೆಗೆ ಹೋಗುವ ಹೆದ್ದಾರಿಯಲ್ಲಿದೆ, ಸುಮಾರು 35 ಕಿಲೋಮೀಟರ್. 2018ರಲ್ಲಿ ಕಲಬುರಗಿ ತಾಲೂಕನ್ನು ಒಡೆದು ಇದನ್ನು ಹೊಸ ತಾಲೂಕು ಮಾಡಿದರು. ಸುತ್ತ ಹಳ್ಳಿಗಳಿವೆ, ತಾಂಡಾಗಳಿವೆ. ತಾಲೂಕು ಎಂಬ ಬೋರ್ಡು ಹಾಕಿದ ದಿನವೇ ತಾಲೂಕು ಕಚೇರಿಗಳೆಲ್ಲ ಬಂದುಬಿಡುವುದಿಲ್ಲ. ದೊಡ್ಡ ಕಾಯಿಲೆ ಎಂದರೆ ಜನ ಕಲಬುರಗಿ ಬಸ್ಸು ಹತ್ತುತ್ತಿದ್ದರು.

ಕರ್ನಾಟಕದಲ್ಲಿ 2014ರಿಂದ 'ಮನೋಚೈತನ್ಯ' ಎಂಬ ಕಾರ್ಯಕ್ರಮ ಇದೆ. ಮಂಗಳವಾರದ ಕ್ಲಿನಿಕ್ ಎಂದೂ ಕರೆಯುತ್ತಾರೆ. ಮನೋವೈದ್ಯರು ಗೊತ್ತುಪಡಿಸಿದ ಮಂಗಳವಾರ ತಾಲೂಕು ಆಸ್ಪತ್ರೆಗೇ ಬಂದು ರೋಗಿಗಳನ್ನು ನೋಡಬೇಕು. ಬಳ್ಳಾರಿಯ ಪಾಠದ ಮುಂದುವರಿಕೆ ಇದು: ರೋಗಿ ಡಾಕ್ಟರರ ಬಳಿಗೆ ಹೋಗುವ ಬದಲು ಡಾಕ್ಟರರೇ ರೋಗಿಯ ಹತ್ತಿರಕ್ಕೆ ಬರುವುದು.

ಈಗ ಒಂದು ಮನೆಯನ್ನು ಊಹಿಸಿಕೊಳ್ಳಿ. ಕಮಲಾಪುರ ತಾಲೂಕಿನ ಒಂದು ತಾಂಡಾ. ಮೂವತ್ತು ವರ್ಷದ ಮಗನಿಗೆ ಸ್ಕಿಜೋಫ್ರೇನಿಯಾ. ಗುಳಿಗೆ ನುಂಗುತ್ತಿದ್ದರೆ ಹೊಲಕ್ಕೆ ಹೋಗುತ್ತಾನೆ, ಎಮ್ಮೆ ಮೇಯಿಸುತ್ತಾನೆ, ಮಂದಿ ಜೊತೆ ಮಾತಾಡುತ್ತಾನೆ. ತಿಂಗಳಿಗೊಮ್ಮೆ ಅವ್ವ ಬಸ್ಸಿನಲ್ಲಿ ಹೋಗಿ ಗುಳಿಗೆ ತರುತ್ತಾಳೆ.

2020ರ ಮಾರ್ಚ್ ಕೊನೆಯ ವಾರ ಬಸ್ಸು ನಿಂತವು. ಮತ್ತೆ ಓಡಿದ್ದು ಮೇ 19ಕ್ಕೆ. ನಡುವೆ ಎಂಟು ವಾರ. ಜಿಮ್ಸ್, ಇಎಸ್‌ಐಸಿ ಎರಡೂ ಆಸ್ಪತ್ರೆಗಳು ಕೋವಿಡ್ ಕೆಲಸಕ್ಕೆ ಹೊರಳಿದ್ದವು. ಆಸ್ಪತ್ರೆ ಎಂದರೇ ಜನರಿಗೆ ಹೆದರಿಕೆ. ಹೊರಗೆ ಹೋದರೆ ಪೊಲೀಸರ ಭಯ. ಇಂಥ ಮನೆಗಳಿಗೆ ಆ ಎಂಟು ವಾರ ಹೇಗಿದ್ದಿರಬಹುದು ಎಂದು ಯೋಚಿಸಿ.

ಕುಡಿತದ ಚಟ ಇದ್ದವರದು ಇನ್ನೊಂದು ಕಥೆ. ರಾಜ್ಯದಲ್ಲಿ ಮದ್ಯದಂಗಡಿಗಳು ಮಾರ್ಚ್ ಕೊನೆಗೆ ಮುಚ್ಚಿ ಮೇ 4ಕ್ಕೆ ತೆರೆದವು. ವರ್ಷಗಟ್ಟಲೆ ದಿನಾ ಕುಡಿದವರಿಗೆ ಒಂದೇ ದಿನ ನಿಂತರೆ ಕೈ ನಡುಗುತ್ತದೆ, ನಿದ್ದೆ ಹಾರುತ್ತದೆ, ಇಲ್ಲದ್ದು ಕಾಣುತ್ತದೆ, ಕೆಲವರಿಗೆ ಫಿಟ್ಸ್ ಬರುತ್ತದೆ. ಇದು ಹಟವೂ ಅಲ್ಲ, ನಾಟಕವೂ ಅಲ್ಲ, ಚಿಕಿತ್ಸೆ ಬೇಕಾದ ಸ್ಥಿತಿ. ಊರಲ್ಲಿ ಅದನ್ನು ಗುರುತಿಸಿ ಆಸ್ಪತ್ರೆಗೆ ಕಳಿಸಲು ಆಶಾ ಕಾರ್ಯಕರ್ತೆಯರ ಮೇಲೆಯೇ ಭಾರ ಬಿತ್ತು. ಅವರ ಮೇಲೆ ಆಗಲೇ ಸಮೀಕ್ಷೆ, ಕ್ವಾರಂಟೈನ್, ಕೈಗೆ ಮುದ್ರೆ ಇವೆಲ್ಲ ಇದ್ದವು.

ಮೇ ತಿಂಗಳಲ್ಲಿ ಮುಂಬೈ, ಪುಣೆಗೆ ದುಡಿಯಲು ಹೋದವರು ಗುಂಪು ಗುಂಪಾಗಿ ಮರಳಿದರು. ಶಾಲೆ, ಹಾಸ್ಟೆಲುಗಳು ಕ್ವಾರಂಟೈನ್ ಕೇಂದ್ರಗಳಾದವು. ಕೆಲಸ ಹೋಗಿದೆ, ಕೈಯಲ್ಲಿ ದುಡ್ಡಿಲ್ಲ, ಸ್ವಂತ ಊರಿನವರೇ ದೂರ ನಿಂತು ನೋಡುತ್ತಿದ್ದಾರೆ. ದೇಹಕ್ಕೆ ರೋಗ ಇದೆಯೋ ಇಲ್ಲವೋ ಎಂದು ಮೂಗಿಗೆ ಕಡ್ಡಿ ಹಾಕಿ ನೋಡಿದರು. ಮನಸ್ಸಿಗೆ ಏನಾಗಿದೆ ಎಂದು ನೋಡಲು ಅಂಥ ಕಡ್ಡಿ ಇಲ್ಲ, ಕೇಳಿಯೇ ತಿಳಿಯಬೇಕು.

ಸರ್ಕಾರ ಏನೂ ಮಾಡಲಿಲ್ಲ ಎಂದರೆ ಸುಳ್ಳಾಗುತ್ತದೆ. ಮಾರ್ಚ್ 2020ರ ಕೊನೆಗೇ ನಿಮ್ಹಾನ್ಸ್ ರಾಷ್ಟ್ರಮಟ್ಟದ ಸಹಾಯವಾಣಿ ತೆರೆಯಿತು. ಜಿಲ್ಲಾ ಮಾನಸಿಕ ಆರೋಗ್ಯ ತಂಡಗಳು ಪಾಸಿಟಿವ್ ಆದವರಿಗೆ, ಕ್ವಾರಂಟೈನ್‌ನಲ್ಲಿದ್ದವರಿಗೆ ಫೋನ್ ಮಾಡಿ ಧೈರ್ಯ ಹೇಳಿದವು. ಫೋನಿನಲ್ಲೇ ಡಾಕ್ಟರರು ಚಿಕಿತ್ಸೆ ಬರೆದುಕೊಡಲು ಮಾರ್ಚ್ 25ರಂದು ನಿಯಮ ಬಂತು. 104 ಆರೋಗ್ಯ ಸಹಾಯವಾಣಿ ಇತ್ತು. ಆ ಸಿಬ್ಬಂದಿಯ ಶ್ರಮ ದೊಡ್ಡದು.

ಆದರೆ ಫೋನು ಸಲಹೆ ಕೊಡುತ್ತದೆ, ಗುಳಿಗೆಯನ್ನು ತಾಂಡಾಕ್ಕೆ ತರುವುದಿಲ್ಲ. ತರಲು ಯಾರಾದರೂ ಬೇಕು. ತಂದರೇ ಇಲ್ಲವೇ ಎಂದು ಕೇಳಲು ಇನ್ನೊಬ್ಬರು ಬೇಕು.

ಕುರ್ಚಿಗಳ ಲೆಕ್ಕ

ಕೇಳಬೇಕಾದವರು ಆ ಹೊತ್ತಿನಲ್ಲಿ ಎಲ್ಲಿದ್ದರು? ದಿನಾಂಕಗಳನ್ನು ಒಂದರ ಪಕ್ಕ ಒಂದು ಇಟ್ಟು ನೋಡೋಣ.

ಕಲಬುರಗಿ ಮಹಾನಗರ ಪಾಲಿಕೆ: ಮಹಾಮಾರಿ ಬಂದಾಗ ಹಿಂದಿನ ಕೌನ್ಸಿಲ್‌ನ ಅವಧಿ ಮುಗಿದಿತ್ತು. ಅಧಿಕಾರಿಗಳೇ ಆಡಳಿತ ನಡೆಸುತ್ತಿದ್ದರು. 55 ವಾರ್ಡುಗಳಿಗೆ ಮತದಾನ ನಡೆದದ್ದು 2021ರ ಸೆಪ್ಟೆಂಬರ್ 3ಕ್ಕೆ, ಎರಡನೇ ಅಲೆ ಇಳಿದ ಮೇಲೆ. ಗೆದ್ದವರಿಗೂ ಕೂಡಲೇ ಕುರ್ಚಿ ಸಿಗಲಿಲ್ಲ. ಮೇಯರ್ ಆಯ್ಕೆ ಆದದ್ದು 2023ರ ಮಾರ್ಚ್‌ನಲ್ಲಿ. ಅಂದರೆ ದೇಶದ ಮೊದಲ ಕೋವಿಡ್ ಸಾವು ಕಂಡ ನಗರಕ್ಕೆ, ಆ ಸಾವಿನ ಮೂರು ವರ್ಷದ ನಂತರ ಮೇಯರ್ ಬಂದರು.

ಗ್ರಾಮ ಪಂಚಾಯಿತಿಗಳು: 2015ರಲ್ಲಿ ಆಯ್ಕೆಯಾದವರ ಅವಧಿ 2020ರ ಮಧ್ಯದಲ್ಲಿ ಮುಗಿಯಿತು. ಕೊರೊನಾ ಕಾರಣಕ್ಕೆ ಚುನಾವಣೆ ಮುಂದೆ ಹೋಯಿತು, ಆಡಳಿತಾಧಿಕಾರಿಗಳು ಬಂದರು. ಮತದಾನ ನಡೆದದ್ದು ಡಿಸೆಂಬರ್ 22 ಮತ್ತು 27ಕ್ಕೆ. ಮೊದಲ ಅಲೆ ಏರಿ ಇಳಿದ ತಿಂಗಳುಗಳಲ್ಲಿ ಊರಿನ ಸದಸ್ಯ ಎಂದು ಕರೆಯಲು ಅಧಿಕೃತವಾಗಿ ಯಾರೂ ಇರಲಿಲ್ಲ.

ಜಿಲ್ಲಾ ಮತ್ತು ತಾಲೂಕು ಪಂಚಾಯಿತಿಗಳು: 2016ರಲ್ಲಿ ಆಯ್ಕೆಯಾದ ಸದಸ್ಯರ ಅವಧಿ 2021ರ ಏಪ್ರಿಲ್-ಮೇ ಹೊತ್ತಿಗೆ ಮುಗಿಯಿತು. ಅದು ಎರಡನೇ ಅಲೆಯ ಅತಿ ಕೆಟ್ಟ ಹೊತ್ತು. ಆಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಕಮಲಾಪುರಕ್ಕೆ ಇನ್ನೊಂದು ತೊಡಕು: 2016ರಲ್ಲಿ ಓಟು ಹಾಕಿದ್ದು ಒಡೆಯುವ ಮೊದಲಿನ ಕಲಬುರಗಿ ತಾಲೂಕಿನ ಪಂಚಾಯಿತಿಗೆ.

ಈ ಮೂರನ್ನೂ ಕೂಡಿಸಿ ನೋಡಿ. 2020ರ ಮಾರ್ಚ್‌ನಿಂದ ಎರಡನೇ ಅಲೆ ಇಳಿಯುವವರೆಗೆ ಪಾಲಿಕೆ, ಜಿಲ್ಲಾ ಪಂಚಾಯಿತಿ, ಗ್ರಾಮ ಪಂಚಾಯಿತಿ ಮೂರೂ ಒಟ್ಟಿಗೆ ಚುನಾಯಿತರ ಕೈಯಲ್ಲಿದ್ದ ಒಂದೇ ಒಂದು ದಿನವೂ ನಮ್ಮ ಜಿಲ್ಲೆಯಲ್ಲಿ ಇರಲಿಲ್ಲ.

ಅಧಿಕಾರಿಗಳು ದುಡಿಯಲಿಲ್ಲ ಎಂದು ಇದರ ಅರ್ಥವಲ್ಲ. ಆದರೆ ಒಬ್ಬರೇ ಕೆಲಸ ಮಾಡಿ, ಅವರೇ ಅದರ ಮೇಲೆ ಕಣ್ಣಿಟ್ಟರೆ ಅದನ್ನು ಮೇಲ್ವಿಚಾರಣೆ ಎನ್ನಲಾಗದು. ಅಲ್ಲದೆ ನಗರದ ಆಸ್ಪತ್ರೆಗಳಿಗೆ ಯಜಮಾನರೂ ಬೇರೆ ಬೇರೆ. ಜಿಮ್ಸ್ ವೈದ್ಯಕೀಯ ಶಿಕ್ಷಣ ಇಲಾಖೆಗೆ ಸೇರಿದ್ದು. ಇಎಸ್‌ಐಸಿ ಕೇಂದ್ರದ ಕಾರ್ಮಿಕ ಸಚಿವಾಲಯದ್ದು. ಜಿಲ್ಲಾ ಮಾನಸಿಕ ಆರೋಗ್ಯ ತಂಡ ಆರೋಗ್ಯ ಇಲಾಖೆಯದ್ದು. ಮೂವರನ್ನೂ ಒಂದು ಕೋಣೆಯಲ್ಲಿ ಕೂರಿಸಿ 'ನಮ್ಮ ರೋಗಿಗಳ ಗತಿ ಏನ್ರಿ?' ಎಂದು ಜನರ ಪರವಾಗಿ ಕೇಳುವ ಜಾಗ ಬೇಕಿತ್ತು. ಆ ಜಾಗದ ಕುರ್ಚಿಯೇ ಖಾಲಿ ಇತ್ತು.

ಕುರ್ಚಿ ತುಂಬಿದ್ದರೆ ಕೇಳುತ್ತಿದ್ದರೇ?

ಇದು ನ್ಯಾಯವಾದ ಅನುಮಾನ. ನಾವು ಕಂಡ ಪಂಚಾಯಿತಿ ಸಭೆಗಳಲ್ಲಿ ಬೋರ್‌ವೆಲ್, ಸಿಸಿ ರಸ್ತೆ, ಬಿಲ್ಲು ಇವುಗಳದ್ದೇ ಮಾತು. ಮಾನಸಿಕ ಆರೋಗ್ಯದ ಮಾತು ಅಪರೂಪ. ಚುನಾವಣೆ ನಡೆದ ಮಾತ್ರಕ್ಕೆ ಎಲ್ಲವೂ ಸರಿಹೋಗುತ್ತಿತ್ತು ಎಂದು ಹೇಳಲಾಗದು.

ಆದರೆ ಪಕ್ಕದ ಕೇರಳ ನೋಡಿ. ಅಲ್ಲಿ ಸ್ಥಳೀಯ ಸಂಸ್ಥೆಗಳ ಅವಧಿ 2020ರ ನವೆಂಬರ್‌ವರೆಗೂ ಇತ್ತು, ಡಿಸೆಂಬರ್‌ನಲ್ಲೇ ಮತ್ತೆ ಚುನಾವಣೆ ನಡೆಸಿದರು. ಮೊದಲ ಲಾಕ್‌ಡೌನ್‌ನಲ್ಲಿ ವಾರ್ಡ್ ಸದಸ್ಯರ ಮುಂದಾಳತ್ವದ ತಂಡಗಳು ಮನೆಮನೆಗೆ ಊಟ, ಔಷಧಿ ತಲುಪಿಸಿದವು. ಜಿಲ್ಲಾ ಮಾನಸಿಕ ಆರೋಗ್ಯ ತಂಡಗಳು 'ನೀವು ಒಬ್ಬರೇ ಅಲ್ಲ, ಜೊತೆಗೆ ನಾವಿದ್ದೇವೆ' ಎಂಬ ಅರ್ಥದ ಹೆಸರಿನಲ್ಲಿ ಜನರಿಗೆ ಫೋನ್ ಮಾಡಿದವು. ಫೋನು ಮಾಡುವ ತಂಡವೂ ಇತ್ತು, ಬಾಗಿಲಿಗೆ ಬರುವ ಸದಸ್ಯನೂ ಇದ್ದ.

ದೂರದ ಇಂಗ್ಲೆಂಡಿನಲ್ಲಿ ಕೌನ್ಸಿಲರ್‌ಗಳ ಆರೋಗ್ಯ ಪರಿಶೀಲನಾ ಸಮಿತಿಗಳಿವೆ. ಮಾನಸಿಕ ಆರೋಗ್ಯ ಸೇವೆ ನಡೆಸುವ ಸರ್ಕಾರಿ ಸಂಸ್ಥೆಗಳ ಅಧಿಕಾರಿಗಳನ್ನು ಕರೆದು ಕೂರಿಸಿ ಪ್ರಶ್ನೆ ಕೇಳುವ ಅಧಿಕಾರ ಅವರಿಗೆ ಕಾನೂನಿನಲ್ಲೇ ಇದೆ. 2020ರ ಏಪ್ರಿಲ್ 4ರಿಂದ 2021ರ ಮೇ 7ರವರೆಗೆ ಕೌನ್ಸಿಲ್ ಸಭೆಗಳನ್ನು ವಿಡಿಯೊ ಮೂಲಕ ನಡೆಸಲು ವಿಶೇಷ ನಿಯಮ ಮಾಡಿದರು. ಅಲ್ಲಿಯೂ 2020ರ ಮೇ ಚುನಾವಣೆ ಒಂದು ವರ್ಷ ಮುಂದೆ ಹೋಯಿತು. ಆದರೆ ಇದ್ದ ಸದಸ್ಯರನ್ನೇ ಮುಂದುವರಿಸಿದರು. ಚುನಾವಣೆ ನಿಂತರೂ ಸದಸ್ಯರು ಕೇಳುವುದು ನಿಲ್ಲಲಿಲ್ಲ.

ನಮ್ಮಲ್ಲೂ ಒಂದು ಒಳ್ಳೆಯ ಬೆಳವಣಿಗೆ ಆಯಿತು. 2021ರ ಆರಂಭದಲ್ಲಿ ಹೊಸ ಗ್ರಾಮ ಪಂಚಾಯಿತಿ ಸದಸ್ಯರು ಬಂದರು. ಎರಡನೇ ಅಲೆ ಬಂದಾಗ ಪಂಚಾಯಿತಿ ಮಟ್ಟದ ಕೋವಿಡ್ ಕಾರ್ಯಪಡೆಗೆ ಅಧ್ಯಕ್ಷರೇ ಮುಖ್ಯಸ್ಥರಾದರು. ಪಿಡಿಒ, ಆಶಾ, ಅಂಗನವಾಡಿ, ಆರೋಗ್ಯ ಸಿಬ್ಬಂದಿ ಒಟ್ಟಿಗೆ ಕೂರುವ ಜಾಗವೊಂದು ಸಿಕ್ಕಿತು. ಆ ಕಾರ್ಯಪಡೆಯ ಪಟ್ಟಿಯಲ್ಲಿ 'ತಿಂಗಳ ಗುಳಿಗೆ ತಪ್ಪಿದವರು' ಎಂಬ ಒಂದು ಸಾಲು ಸೇರಿಸಲು ಹೆಚ್ಚಿನ ಹಣ ಬೇಕಿಲ್ಲ. ಬಳ್ಳಾರಿಯಲ್ಲಿ 1985ರಲ್ಲೇ ಕಾಗದದ ಕಾರ್ಡಿನಲ್ಲಿ ಅದನ್ನು ಮಾಡಿದ್ದರು.

ಲೆಕ್ಕಕ್ಕೆ ಬಂದದ್ದು

2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ವಯಸ್ಕರಲ್ಲಿ ಶೇ 10.6ರಷ್ಟು ಮಂದಿಗೆ ಯಾವುದಾದರೊಂದು ಮಾನಸಿಕ ತೊಂದರೆ ಇತ್ತು. ಅವರಲ್ಲಿ ಬಹುಪಾಲು ಮಂದಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ಇದು ಮಹಾಮಾರಿಗೆ ಮೊದಲಿನ ಮಾತು.

ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋದ ಲೆಕ್ಕದಲ್ಲಿ ಕರ್ನಾಟಕದಲ್ಲಿ 2019ರಲ್ಲಿ 11,288 ಮಂದಿ ಆತ್ಮಹತ್ಯೆ ಮಾಡಿಕೊಂಡರು. 2020ರಲ್ಲಿ 12,259, 2021ರಲ್ಲಿ 13,056. ಒಂದು ಆತ್ಮಹತ್ಯೆಗೆ ಹಲವು ಕಾರಣ ಇರುತ್ತವೆ, ಸಾಲ, ಜಗಳ, ಕಾಯಿಲೆ, ಕುಡಿತ. ಇದೆಲ್ಲ ಕೊರೊನಾದಿಂದಲೇ ಆಯಿತು ಎನ್ನುವಂತಿಲ್ಲ. ಆದರೆ ಸಂಖ್ಯೆ ಏರುತ್ತಿದ್ದ ಹೊತ್ತಿನಲ್ಲಿ ಜಿಲ್ಲೆಯ ಸಭೆಗಳಲ್ಲಿ ಜನರ ಪರವಾಗಿ ಕೇಳುವವರು ಕಡಿಮೆಯಾಗುತ್ತಿದ್ದರು ಎಂಬುದು ದಿನಾಂಕಗಳಲ್ಲೇ ಕಾಣುತ್ತದೆ.

ಈಗ ನಾವು ಏನು ಕೇಳಬಹುದು?

ಇತಿಹಾಸ ಓದಿ ಸುಮ್ಮನಾದರೆ ಪ್ರಯೋಜನವಿಲ್ಲ. ಕರ್ನಾಟಕದ ಕಾಯ್ದೆ ಪ್ರಕಾರ ವಾರ್ಡ್ ಸಭೆ, ಗ್ರಾಮ ಸಭೆ ಆರು ತಿಂಗಳಿಗೊಮ್ಮೆಯಾದರೂ ನಡೆಯಬೇಕು. ಮುಂದಿನ ಸಭೆಗೆ ಹೋದಾಗ ಈ ಐದು ಪ್ರಶ್ನೆ ಕೇಳಿ. ಕೇಳಿದ್ದನ್ನು ನಡವಳಿ ಪುಸ್ತಕದಲ್ಲಿ ಬರೆಸಿ.

1. ನಮ್ಮ ಆರೋಗ್ಯ ಕೇಂದ್ರದಲ್ಲಿ ಮಾನಸಿಕ ಕಾಯಿಲೆಯ ಮತ್ತು ಫಿಟ್ಸ್‌ನ ಔಷಧಿ ಇದೆಯೇ? ಕಳೆದ ಆರು ತಿಂಗಳಲ್ಲಿ ಯಾವಾಗ ಖಾಲಿಯಾಗಿತ್ತು?

2. ಮನೋವೈದ್ಯರು ನಮ್ಮ ತಾಲೂಕಿಗೆ ಯಾವ ಮಂಗಳವಾರ ಬರುತ್ತಾರೆ? ಆ ದಿನಾಂಕ ಪಂಚಾಯಿತಿ ಬೋರ್ಡಿನ ಮೇಲೆ ಇದೆಯೇ?

3. ಗುಳಿಗೆ ಬಿಟ್ಟವರನ್ನು ಯಾರು ಹೋಗಿ ಮಾತಾಡಿಸುತ್ತಾರೆ?

4. ಮತ್ತೆ ಬಸ್ಸು ನಿಂತರೆ, ನೆರೆ ಬಂದರೆ, ಇನ್ನೊಂದು ರೋಗ ಹಬ್ಬಿದರೆ, ಗುಳಿಗೆ ಮನೆಗೆ ತಲುಪಿಸುವ ಹೊಣೆ ಯಾರದು?

5. ಗ್ರಾಮ ಆರೋಗ್ಯ ಸಮಿತಿಯ ಕಳೆದ ಸಭೆಯಲ್ಲಿ ಈ ವಿಷಯ ಬಂದಿತ್ತೇ?

ಒಂದು ಎಚ್ಚರಿಕೆ. ಸಭೆಯಲ್ಲಿ ರೋಗಿಗಳ ಹೆಸರು ಹೇಳಬೇಡಿ. 'ಅವರ ಮಗ', 'ಇವರ ಸೊಸಿ' ಎಂದು ಬೊಟ್ಟು ಮಾಡಬೇಡಿ. ಕಾಯಿಲೆಯ ವಿವರ ಗುಟ್ಟಾಗಿರುವುದು ರೋಗಿಯ ಹಕ್ಕು, 2017ರ ಕಾಯ್ದೆಯೇ ಅದನ್ನು ಹೇಳುತ್ತದೆ. ಎಷ್ಟು ಮಂದಿ ಎಂದು ಕೇಳಿದರೆ ಸಾಕು, ಯಾರು ಎಂದು ಕೇಳುವುದು ಬೇಡ.

ಮನಸ್ಸಿಗೆ ತಡೆಯಲಾರದಷ್ಟು ಭಾರ ಆಗಿದ್ದರೆ, ಸಾಯಬೇಕು ಅನ್ನಿಸುತ್ತಿದ್ದರೆ ಸಭೆಯವರೆಗೆ ಕಾಯಬೇಡಿ. 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್, 2022ರ ಅಕ್ಟೋಬರ್ 10ರಿಂದ ಇದೆ. ದುಡ್ಡಿಲ್ಲ, ಹಗಲು ರಾತ್ರಿ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು.  ಮನೆಯಲ್ಲಿ ಒಬ್ಬರಿಗಾದರೂ ಹೇಳಿ.

ಬಸ್ಸು ನಿಂತ ಆ ಎಂಟು ವಾರದ ಹೊತ್ತಿನಿಂದ ಎರಡನೇ ಅಲೆಯವರೆಗೆ ತಾಂಡಾದ ಅವ್ವನಂಥವರ ಪರವಾಗಿ ಸಭೆಯಲ್ಲಿ ಕೇಳಬೇಕಾದ ಕುರ್ಚಿಗಳು ಒಂದಾದ ಮೇಲೊಂದು ಖಾಲಿಯಾದವು. ಆ ಕುರ್ಚಿಗೆ ಯಾರನ್ನು ಕೂರಿಸುವುದು ಎಂಬುದು ನಮ್ಮ ಓಟಿನಲ್ಲಿದೆ. ಕೂತವರು ಏನು ಕೇಳಬೇಕು ಎಂದು ಹೇಳುವುದು ಗ್ರಾಮ ಸಭೆಯಲ್ಲಿ ನಮ್ಮ ಬಾಯಲ್ಲಿದೆ. ಮುಂದಿನ ಗ್ರಾಮ ಸಭೆ ಯಾವ ದಿನ ಎಂದು ಇವತ್ತೇ ನಿಮ್ಮ ಪಿಡಿಒ ಅವರನ್ನು ಕೇಳಿಕೊಳ್ಳಿ.